ಹಳೆಯ ಪುಸ್ತಕದ ಮರುಮುದ್ರಣ: ಸಂಘ–ಸಂಸ್ಥೆಗಳಿಗೊಂದು ಕೈಪಿಡಿ

ನೂರು ವರ್ಷದ ಹಿಂದಿನ ಕನ್ನಡ ಪುಸ್ತಕವೊಂದನ್ನು ಮತ್ತೆ ಅಚ್ಚು ಹಾಕಿಸಬೇಕೆಂದು ಸಾಹಿತ್ಯ ಸಂಘವೋ ಟ್ರಸ್ಟೋ ತೀರ್ಮಾನಿಸಿದಾಗ, ಸಮಿತಿಯ ಚರ್ಚೆಯೆಲ್ಲ ಸಾಮಾನ್ಯವಾಗಿ ಮುಖಪುಟ ಮತ್ತು ಬಿಡುಗಡೆಯ ಅತಿಥಿಗಳ ಬಗ್ಗೆಯೇ ನಡೆಯುತ್ತದೆ. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಹೀಗಾಗಿ 1930ರಲ್ಲಿ ತೀರಿಕೊಂಡ ಎಂ. ಎಸ್. ಪುಟ್ಟಣ್ಣನವರ, 1942ರಲ್ಲಿ ತೀರಿಕೊಂಡ ಗಳಗನಾಥರ ಅಂಥ ಕೃತಿಗಳು ಈಗ ಮುಕ್ತ. 1975ರಲ್ಲಿ ನಿಧನರಾದ ಡಿ.ವಿ.ಜಿ.ಯವರ ಕೃತಿಗಳಿಗೆ 2035ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಮೂಲ ಕೃತಿ ಮುಕ್ತವಾಗಿದ್ದರೂ ನಿಮ್ಮ ಕೈಗೆ ಸಿಕ್ಕ ಪ್ರತಿ 1970ರ ದಶಕದ ಆವೃತ್ತಿಯಾಗಿದ್ದರೆ, ಅದಕ್ಕೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿ ಮತ್ತು ಚಿತ್ರಗಳ ಹಕ್ಕು ಇನ್ನೂ ಅವರ ಕಡೆಯವರದ್ದೇ ಆಗಿರಬಹುದೆಂಬುದನ್ನು ಹಲವರು ಮರೆಯುತ್ತಾರೆ.

ಎರಡನೆಯದು ಮೂಲಪ್ರತಿಯ ಆಯ್ಕೆ. ಲೇಖಕರು ಸ್ವತಃ ಕಣ್ಣಾಡಿಸಿದ ಕೊನೆಯ ಮುದ್ರಣ ಸಿಕ್ಕರೆ ಅದನ್ನೇ ಆಧಾರವಾಗಿಟ್ಟುಕೊಳ್ಳಿ, ಸಾಧ್ಯವಾದರೆ ಮೊದಲ ಮುದ್ರಣದೊಂದಿಗೆ ಹೋಲಿಸಿ. ಮುಖಪುಟದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಅವಸರಪಡಬೇಡಿ: ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ರಾಕ್ಷಸ ಸಂವತ್ಸರ ಎಂದರೆ 1915ನೆಯ ಇಸವಿಯೂ ಆಗಬಹುದು, 1975ನೆಯ ಇಸವಿಯೂ ಆಗಬಹುದು. ಬೆಲೆಯನ್ನು ಆಣೆಯಲ್ಲಿ ಹಾಕಿದ್ದಾರೆಯೇ ಎಂದು ನೋಡಿದರೆ ಅನುಮಾನ ಬಹುಪಾಲು ಪರಿಹಾರವಾಗುತ್ತದೆ.

ಅಕ್ಷರ ಜೋಡಣೆಯ ಹಂತದಲ್ಲಿ ಹೆಚ್ಚು ಸಮಯ ಮೀಸಲಿಡಿ. ಸ್ಕ್ಯಾನ್ ಮಾಡಿದ ಪುಟವನ್ನು, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಪಠ್ಯ ಬೇಗ ಸಿಗುತ್ತದೆ, ಆದರೆ ಮಸಿ ಹರಡಿದ ಹಳೆಯ ಅಚ್ಚಿನ ಮೊಳೆಗಳಲ್ಲಿ ಅದು ಬ–ಭ, ದ–ಧ, ಥ–ಧಗಳನ್ನು ಅದಲುಬದಲು ಮಾಡುತ್ತದೆ. ‘ಕಥೆ’ ಎಂಬುದು ‘ಕಧೆ’ ಆದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ‘ಅವನಿಗೆ ಅರ್ಥವಾಯಿತು’ ಎಂಬುದು ‘ಅರ್ಧವಾಯಿತು’ ಆದರೆ ಕಾಗುಣಿತ ಪರೀಕ್ಷಕವೂ ಸುಮ್ಮನಿರುತ್ತದೆ, ಏಕೆಂದರೆ ಎರಡೂ ಸರಿಯಾದ ಪದಗಳೇ. ಅರ್ಕಾವತ್ತನ್ನು ಯಂತ್ರ ಕನ್ನಡದ ಒಂಬತ್ತೆಂದು ಓದುವುದೂ ಉಂಟು. ಆಗ ‘ಅಥ೯’ ಎಂದು ಉಳಿದುಕೊಂಡ ಪದ ಅಚ್ಚಿನಲ್ಲಿ ನೋಡಲು ಸರಿಯಾಗಿಯೇ ಕಂಡರೂ ಇ–ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಕರಡನ್ನು ನೋಡುವ ಹಳೆಯ ಪದ್ಧತಿಯನ್ನು ಒಮ್ಮೆಯಾದರೂ ಅನುಸರಿಸಲೇಬೇಕು.

ಕಾಗುಣಿತವನ್ನು ಎಷ್ಟು ಹೊಸದಾಗಿಸಬೇಕೆಂಬುದನ್ನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ‘ಯೆಂದು’, ‘ವೊಂದು’ಗಳನ್ನು ‘ಎಂದು’, ‘ಒಂದು’ ಮಾಡುವುದರಿಂದ, ‘ಧರ್ಮ್ಮ’ದ ಇಮ್ಮಡಿ ಮಕಾರವನ್ನು ಬಿಡುವುದರಿಂದ, ಉದ್ದನೆಯ ಪರಿಚ್ಛೇದಗಳನ್ನು ಒಡೆಯುವುದರಿಂದ ಓದು ಸುಗಮವಾಗುತ್ತದೆ, ಕೃತಿಗೆ ಧಕ್ಕೆಯಿಲ್ಲ. ಪಾತ್ರಗಳ ಆಡುಮಾತನ್ನು, ಪ್ರಾದೇಶಿಕ ರೂಪಗಳನ್ನು ಮಾತ್ರ ಮುಟ್ಟಬೇಡಿ. ಆಣೆ, ಪೈ, ಖಂಡುಗ, ಹರದಾರಿಗಳನ್ನು ಇಂದಿನ ಅಳತೆಗೆ ಬದಲಿಸುವ ಬದಲು ಅಡಿಟಿಪ್ಪಣಿ ಕೊಡಿ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇಂದಿನ ಓದುಗನಿಗೆ ಮುಜುಗರ ತರುವ ಜಾತಿಸೂಚಕ ಬೈಗುಳಗಳನ್ನು ಸದ್ದಿಲ್ಲದೆ ಅಳಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಲೇಖಕರಿಗೂ ಚರಿತ್ರೆಗೂ ಮಾಡುವ ಮೋಸ. ಅಂಥ ಭಾಗವನ್ನು ಉಳಿಸಿಕೊಂಡು, ಏಕೆ ಉಳಿಸಿದ್ದೇವೆಂದು ಸಂಪಾದಕೀಯದಲ್ಲಿ ಹೇಳಿ, ಅಚ್ಚಿಗೆ ಮೊದಲು ವಕೀಲರೊಬ್ಬರಿಗೆ ತೋರಿಸಿ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಪುಟಸಂಖ್ಯೆ ಸಹಿತ ಒಂದು ಕಡತದಲ್ಲಿ ದಾಖಲಿಸಿ, ಅನುಮತಿ ಪತ್ರಗಳನ್ನೂ ಮೂಲದ ಸ್ಕ್ಯಾನನ್ನೂ ಅದರಲ್ಲೇ ಇಡಿ.

ಈ ಕಡತದ ಬೆಲೆ ತಿಳಿಯುವುದು ಬಿಡುಗಡೆಯಾದ ಮೇಲೆ. ಒಂದು ಫಾರಂನ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟಿನ) 16 ಪುಟಗಳು ಹಿಂದುಮುಂದಾಗಿವೆ ಎಂಬ ಫೋನ್ ಬರಬಹುದು, ಲೇಖಕರ ಮೊಮ್ಮಗನಿಂದ ವಕೀಲರ ನೋಟಿಸ್ ಬರಬಹುದು, ಯಾವುದೋ ಪುಟದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ ಕಚೇರಿಯ ಮುಂದೆ ಜನ ಸೇರಬಹುದು. ಇಂಥ ಹೊತ್ತಿನಲ್ಲಿ ಸಂಸ್ಥೆಗಳು ಕೆಡುವುದು ಹೆಚ್ಚಾಗಿ ಮೂಲ ತಪ್ಪಿನಿಂದಲ್ಲ, ಅಧ್ಯಕ್ಷರು ಒಂದು ಹೇಳಿ ಕಾರ್ಯದರ್ಶಿ ಇನ್ನೊಂದು ಹೇಳುವುದರಿಂದ. ಮಾತನಾಡುವವರು ಯಾರೆಂದು ಪುಸ್ತಕ ಅಚ್ಚಿಗೆ ಹೋಗುವ ಮುನ್ನವೇ ಗೊತ್ತುಪಡಿಸಿ, ಉಳಿದವರು ಪ್ರಶ್ನೆಗಳನ್ನು ಅವರಿಗೇ ಒಪ್ಪಿಸಲಿ. ದೂರು ಬಂದ ದಿನವೇ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಯಾವ ಅಂಗಡಿಗೆ ಎಷ್ಟು ಪ್ರತಿ ಹೋಗಿದೆಯೆಂದು ಪಟ್ಟಿ ಮಾಡಿ, ಕಡತ ತೆರೆದು ಮೂಲದೊಂದಿಗೆ ತಾಳೆ ನೋಡಿ. ಅದು ಮುಗಿಯುವವರೆಗೆ ‘ದೂರು ಬಂದಿದೆ, ಪರಿಶೀಲಿಸುತ್ತಿದ್ದೇವೆ, ಇಂಥ ದಿನ ಉತ್ತರಿಸುತ್ತೇವೆ’ ಎಂಬಷ್ಟನ್ನೇ ಹೇಳಿ, ಆ ದಿನ ತಪ್ಪದೆ ಉತ್ತರಿಸಿ.

ತಪ್ಪು ನಿಮ್ಮದೇ ಆಗಿದ್ದರೆ ಪರಿಹಾರ ಅದರ ಗಾತ್ರಕ್ಕೆ ತಕ್ಕಂತಿರಲಿ. ನಾಲ್ಕಾರು ಪದದೋಷಗಳಿಗೆ ಒಪ್ಪೋಲೆಯ (ತಪ್ಪು–ಒಪ್ಪುಗಳ ಪಟ್ಟಿಯ) ಚೀಟಿ ಸಾಕು; ಪುಟಗಳೇ ಅಸ್ತವ್ಯಸ್ತವಾಗಿದ್ದರೆ ಪ್ರತಿಯನ್ನು ಹಿಂಪಡೆದು ಹೊಸದು ಕೊಡಬೇಕು, ಅಂಚೆ ವೆಚ್ಚವನ್ನೂ ಸಂಸ್ಥೆಯೇ ಭರಿಸಬೇಕು. ಹಕ್ಕಿನ ತಕರಾರಾದರೆ ವಕೀಲರ ಮೂಲಕ ಲಿಖಿತವಾಗಿಯೇ ಉತ್ತರಿಸಿ. ಈ ಖರ್ಚಿಗಾಗಿ ಮುದ್ರಣದ ಅಂದಾಜಿನಲ್ಲೇ ಒಂದು ಪಾಲನ್ನು ತೆಗೆದಿರಿಸಿ, ಮೊದಲ ಬಾರಿಗೆ ಸಾವಿರ ಪ್ರತಿಯ ಬದಲು ಡಿಜಿಟಲ್ ಮುದ್ರಣದಲ್ಲಿ ಇನ್ನೂರು ಮುನ್ನೂರು ಪ್ರತಿ ಹಾಕಿಸಿ. ಒಂದೊಂದು ಪ್ರತಿಯ ಬೆಲೆ ತುಸು ಏರಿದರೂ ತಿದ್ದಿದ ಪಠ್ಯ ಮುಂದಿನ ಕಂತಿನಲ್ಲೇ ಓದುಗರ ಕೈಸೇರುತ್ತದೆ.