ಎಫ್‌ಪಿಎಸ್ ಭರಪೂರ, ಆಟ ಮಾತ್ರ ಝಟಕಾ: ಗೇಮಿಂಗ್ ಪಿಸಿ ಸರಿ ಮಾಡೋದು ಹೆಂಗ

ವಿಜಯಪುರದಾಗ ನಾನು ಗೇಮಿಂಗ್ ಪಿಸಿ ಜೋಡಿಸಿ ಕೊಡ್ತೀನಿ, ಕೆಟ್ಟರ ರಿಪೇರಿನೂ ಮಾಡ್ತೀನಿ. ಬರೋ ಹುಡುಗರೊಳಗ ಭಾಳ ಮಂದಿದು ಒಂದ ಮಾತು: "ಅಣ್ಣಾ, ಮೂಲ್ಯಾಗ 120 ಎಫ್‌ಪಿಎಸ್ ತೋರಸ್ತದ, ಆದ್ರ ಗಾಡಿ ತಿರುವಿದ ಕೂಡ್ಲೆ ಆಟ ಝಟಕಾ ಹೊಡೀತದ. ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡ್ಲೇನು?" ಬ್ಯಾಡ್ರಿ. ಕಾರ್ಡ್ ಬದಲಿ ಮಾಡೋದು ಕಟ್ಟಕಡೀ ಕೆಲಸ. ಅಪ್ಪ-ಅವ್ವ ಕೂಡಿಟ್ಟ ರೊಕ್ಕದಾಗ ತಗೊಂಡ ಮಷೀನ್ ಅದು, ಇನ್ನೊಂದು ಸಲ ಖರ್ಚು ಮಾಡೂಕಿಂತ ಮೊದಲ ರೋಗ ಯಾವುದು ಅಂತ ಹುಡುಕೋಣು.

ಎಫ್‌ಪಿಎಸ್ ಅಂದ್ರ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರ್ತಾವ ಅನ್ನೋ ಸರಾಸರಿ. ಸೆಕೆಂಡಿಗೆ 120 ಫ್ರೇಮ್ ಸಮನಾಗಿ ಬಂದ್ರ ಒಂದೊಂದಕ್ಕ 8.3 ಮಿಲಿಸೆಕೆಂಡ್. ಆದ್ರ 119 ಫ್ರೇಮ್ ಲಗೂ ಲಗೂ ಬಂದು, ಉಳಿದ ಒಂದ 100 ಮಿಲಿಸೆಕೆಂಡ್ ತಗೊಂಡ್ರೂ ಲೆಕ್ಕ 120 ಅಂತನ ತೋರಸ್ತದ. ಆ ಒಂದು ಫ್ರೇಮ್ ಕಣ್ಣಿಗೆ ಹೊಡೀತದ. ಅದಕ್ಕ ಫ್ರೇಮ್ ಟೈಮ್, ಅಂದ್ರ ಒಂದೊಂದು ಫ್ರೇಮ್ ತಗೊಳ್ಳೋ ಹೊತ್ತು, ನೋಡ್ರಿ. ಎಂಎಸ್‌ಐ ಆಫ್ಟರ್‌ಬರ್ನರ್, ಅದರ ಜೋಡಿ ಬರೋ ರಿವಾಟ್ಯೂನರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಫ್ರೇಮ್ ಟೈಮ್ ಗ್ರಾಫ್ ಆನ್ ಮಾಡ್ರಿ. ಅದರ ಕೆಳಗ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ವಿಡಿಯೋ ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ), ಸಿಪಿಯು (ಪ್ರೊಸೆಸರ್) ಮತ್ತು ಜಿಪಿಯು ಉಷ್ಣತೆ, ಕ್ಲಾಕ್ ಸ್ಪೀಡ್ (ಚಿಪ್ ಓಡೋ ವೇಗ) ಇರಲಿ. ಗೆರೆ ಸಪಾಟ ಇರಬೇಕು. ಝಟಕಾ ಬಂದಾಗ ಗೆರೆ ಮುಳ್ಳಿನಂಗ ಏಳ್ತದ. ಅದ ಹೊತ್ತಿಗೆ ಉಳಿದ ಅಂಕಿ ಯಾವುದು ಅಲುಗಾಡ್ತು ಅನ್ನೋದ ನಮ್ಮ ಸುಳಿವು. ಪ್ರತಿ ಸಲ ಆಟದೊಳಗಿನ ಅದ ಜಾಗಾದಾಗ ಪರೀಕ್ಷೆ ಮಾಡ್ರಿ, ಒಂದು ಸಲಕ್ಕ ಒಂದ ಬದಲಾವಣೆ ಮಾಡ್ರಿ. ಹತ್ತು ಸೆಟ್ಟಿಂಗ್ ಒಮ್ಮೆಲೇ ತಿರುವಿದ್ರ ಯಾವುದರಿಂದ ಸರಿ ಹೋತು ಅಂತ ಗೊತ್ತಾಗೂದಿಲ್ಲ.

ಆನ್‌ಲೈನ್ ಆಟದಾಗ ಗೆರೆ ಸಪಾಟ ಇದ್ದೂ ನಿಮ್ಮ ಆಟಗಾರ ಹಿಂದ ಹಿಂದ ಜಗ್ಗಿಸ್ಕೊಂಡ್ರ ಅದು ಇಂಟರ್ನೆಟ್ ತ್ರಾಸು, ಪಿಸಿದಲ್ಲ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಚ್ಚಿ ನೋಡ್ರಿ.

ಪುಕ್ಕಟೆ ಪರೀಕ್ಷೆ ಮೊದಲ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಚ್ಚೀರೋ, ಮದರ್‌ಬೋರ್ಡಿಗೆ ಹಚ್ಚೀರೋ? ಕಾರ್ಡಿಗೇ ಹಚ್ಚಬೇಕು. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಾಗ 144 ಹರ್ಟ್ಸ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋದು) 60ಕ್ಕ ನಿಂತದೇನು? ನಿಂತಿದ್ರ 144ಕ್ಕ ಏರಿಸ್ರಿ. ಆಟ ಹಳೇ ಹಾರ್ಡ್‌ಡಿಸ್ಕಿನ್ಯಾಗ ಅದ ಏನು? ಇದ್ರ ಎಸ್‌ಎಸ್‌ಡಿಗೆ ಸರಿಸ್ರಿ. ಈಗಿನ ದೊಡ್ಡ ಆಟಗಳು ನಡದಾಡಿದಂಗ ಡಿಸ್ಕಿನಿಂದ ಊರು, ಗಿಡ, ಮನಿ ಎತ್ಗೋತ ಹೋಗ್ತಾವ, ಹಾರ್ಡ್‌ಡಿಸ್ಕಿಗೆ ಆ ವೇಗ ಆಗೂದಿಲ್ಲ.

ಆಮ್ಯಾಲ ರ‍್ಯಾಮ್. ಇದನ್ನ ಭಾಳ ಮಂದಿ ನೋಡೂದ ಇಲ್ಲ. ಸಿಂದಗಿ ಕಡೆಯ ಒಬ್ಬ ಹುಡುಗ ತಂದ ಪಿಸಿಯೊಳಗ ಛಲೋ ಕಾರ್ಡ್, ಛಲೋ ಪ್ರೊಸೆಸರ್, ಆದ್ರ 16 ಜಿಬಿದು ಒಂದ ಸ್ಟಿಕ್ ಇತ್ತು. ಒಂದ ಸ್ಟಿಕ್ ಅಂದ್ರ ಸಿಂಗಲ್ ಚಾನೆಲ್, ಪ್ರೊಸೆಸರಿಗೆ ಬರೋ ದಾರಿ ಅರ್ಧಕ್ಕರ್ಧ ಸಣ್ಣದು. ಅಂಥದ ಇನ್ನೊಂದು ಸ್ಟಿಕ್ ಹಾಕಿ ಗ್ರಾಫ್ ನೋಡಿದ್ವಿ, ಮುಳ್ಳು ಬಹಳಷ್ಟು ಇಳಿದಿತ್ತು. ಎರಡು ಸ್ಟಿಕ್ ಇದ್ರ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಕನೇ ಸ್ಲಾಟಿಗೆ ಹಾಕಬೇಕು. ನಿಮ್ಮ ಮದರ್‌ಬೋರ್ಡಿನ ಪುಸ್ತಕ ಏನು ಹೇಳ್ತದ ಅದನ್ನ ನಂಬ್ರಿ. ಇನ್ನೊಂದು ಮಾತು: ಡಬ್ಬಿ ಮ್ಯಾಲ 6000 ಅಂತ ಬರೆದ ಡಿಡಿಆರ್5 ರ‍್ಯಾಮ್ ತಾನಾಗಿ 6000ಕ್ಕ ಓಡೂದಿಲ್ಲ, ಹೆಚ್ಚಾಗಿ 4800ಕ್ಕ ನಿಂತಿರ್ತದ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಒಳಗ ಮೆಮೊರಿ ಒತ್ತಿದ್ರ ಸ್ಪೀಡ್ ಕಾಣ್ತದ. ಕಮ್ಮಿ ಇದ್ರ ಬಯೋಸಿಗೆ (ಮದರ್‌ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಹೋಗಿ, ಡಬ್ಬಿ ಮ್ಯಾಲಿನ ವೇಗಕ್ಕ ರ‍್ಯಾಮ್ ಓಡಿಸೋ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡ್ರಿ, ಎಎಂಡಿ ಬೋರ್ಡಾದ್ರ ಎಕ್ಸ್‌ಪೋ ಅಂತ ಇರ್ತದ.

ಇನ್ನ ನಮ್ಮೂರಿನ ದೊಡ್ಡ ಕಾಟ, ಬಿಸಿಲು ಮತ್ತು ಧೂಳು. ಎಪ್ರಿಲ್-ಮೇ ತಿಂಗಳಾಗ ಹೊರಗ 40 ಡಿಗ್ರಿ ದಾಟ್ತದ, ರೂಮಿನೊಳಗ ಗಾಳಿನ ಬಿಸಿ ಇದ್ದಾಗ ಫ್ಯಾನ್ ಎಷ್ಟು ತಿರುಗಿದ್ರೂ ಪಿಸಿಗೆ ಸಿಗೋದು ಬಿಸಿ ಗಾಳಿನ. ಮ್ಯಾಲ ಕ್ಯಾಬಿನೆಟ್ಟಿನ ಮುಂದಿನ ಜಾಳಿಗಿ ಧೂಳಿನಿಂದ ಕಟ್ಟಿರ್ತದ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದ ಕೂಡ್ಲೆ ವೇಗ ತಾನ ಇಳಿಸ್ಕೋತದ, ತಂಪಾದ್ರ ಮತ್ತ ಏರಸ್ತದ, ಈ ಏರಿಳಿತನ ಝಟಕಾ. ಡಿಗ್ರಿ ಅಷ್ಟ ನೋಡಿ ಅಂಜಬ್ಯಾಡ್ರಿ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಬಹಳಷ್ಟು ಪ್ರೊಸೆಸರ್‌ಗಳಿಗೆ 95 ಡಿಗ್ರಿ ತನಕ ಮಿತಿ ಅದ. ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ತೆಗೆದು ಥರ್ಮಲ್ ಥ್ರಾಟ್ಲಿಂಗ್ (ಶಾಖಕ್ಕ ವೇಗ ಇಳಿಸೋದು) ಅನ್ನೋ ಸಾಲಿನ್ಯಾಗ "ಯೆಸ್" ಬಂದದೇನು ನೋಡ್ರಿ. ಸುಲಭದ ಪರೀಕ್ಷೆ ಇನ್ನೊಂದದ: ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನ್ ಹಚ್ಚಿ ಆಡ್ರಿ. ಝಟಕಾ ನಿಂತ್ರ ರೋಗ ಶಾಖದ್ದ.

ಧೂಳು ತೆಗೀಲಿಕ್ಕ ಎಲೆಕ್ಟ್ರಿಕ್ ಬ್ಲೋವರ್ ತಗೊಂಡು ಅಂಗಳಕ್ಕ ಹೋಗ್ರಿ. ಪಿಸಿ ಬಂದ್ ಇರಲಿ, ವಾಯರ್ ಕಿತ್ತಿರಲಿ, ಗಾಳಿ ಹೊಡಿವಾಗ ಫ್ಯಾನ್ ಪಂಖಾ ಬೆರಳಿಂದ ಹಿಡೀರಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಬ್ಯಾಡ, ಅದರ ಗಾಳಿಯೊಳಗ ನೀರು, ಎಣ್ಣಿ ಬರ್ತದ. ಹಂಗ ಏರ್ ಕೂಲರ್ ಮುಂದ ಪಿಸಿ ಇಡಬ್ಯಾಡ್ರಿ. ತಂಪು ಸಿಗ್ತದ ಖರೆ, ಆದ್ರ ಆ ಹಸಿ ಗಾಳಿ ಬೋರ್ಡಿಗೆ ಛಲೋ ಅಲ್ಲ. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಕಪಾಟಿನ್ಯಾಗ ತುರುಕಿದ ಕ್ಯಾಬಿನೆಟ್ ಹೊರಗ ತೆಗೀರಿ, ಗ್ವಾಡಿಯಿಂದ ಗೇಣು ದೂರ ಇರಲಿ.

ಶಾಖ ಸರಿ ಇದ್ದೂ ಝಟಕಾ ಇದ್ರ ವಿಡಿಯೋ ಮೆಮೊರಿ ನೋಡ್ರಿ. 8 ಜಿಬಿ ಕಾರ್ಡಿನ್ಯಾಗ ಟೆಕ್ಸ್ಚರ್ (ಆಟದ ವಸ್ತುಗಳ ಮ್ಯಾಲ ಹಚ್ಚೋ ಚಿತ್ರ) ಅಲ್ಟ್ರಾ ಇಟ್ರ ಭಾಳ ಹೊಸ ಆಟಗಳಿಗೆ ಜಾಗಾ ಸಾಲೂದಿಲ್ಲ. ಉಳಿದದ್ದು ಸಾದಾ ರ‍್ಯಾಮಿಗೆ ಹೋಗಿ ಬರಬೇಕು, ಅಲ್ಲೇ ತಡ. ಎಲ್ಲಾ ಸೆಟ್ಟಿಂಗ್ ಇಳಿಸಬ್ಯಾಡ್ರಿ, ಟೆಕ್ಸ್ಚರ್ ಒಂದ ಮೆಟ್ಟಲ ಇಳಿಸ್ರಿ ಸಾಕು.

ಹೊಸ ಆಟದಾಗ, ಹೊಸ ಜಾಗಾಕ್ಕ ಹೋದಾಗ ಅಷ್ಟ ಒಮ್ಮೆ ಝಟಕಾ ಬಂದು, ಅದ ಜಾಗಾಕ್ಕ ಎರಡನೇ ಸಲ ಹೋದ್ರ ಬರಲಿಲ್ಲಂದ್ರ ಅದು ಶೇಡರ್ (ಬೆಳಕು, ಬಣ್ಣ ಬಿಡಿಸೋ ಸಣ್ಣ ಪ್ರೋಗ್ರಾಮ್) ಕಂಪೈಲ್ ಆಗೋ, ಅಂದ್ರ ನಿಮ್ಮ ಕಾರ್ಡಿಗೆ ತಕ್ಕಂಗ ತಯಾರಾಗೋ ತ್ರಾಸು. ಡೈರೆಕ್ಟ್‌ಎಕ್ಸ್ 12, ಅನ್‌ರಿಯಲ್ ಎಂಜಿನ್ ಆಟಗಳೊಳಗ ಇದು ಹೆಚ್ಚು. ಮೊದಲನೇ ಸಲ "ಶೇಡರ್ ಕಂಪೈಲಿಂಗ್" ಪಟ್ಟಿ ಬಂದಾಗ ಅವಸರ ಮಾಡದ ಪೂರ್ತಿ ಮುಗಿಲಿಕ್ಕ ಬಿಡ್ರಿ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ (ಕಾರ್ಡ್ ನಡಸೋ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮ್ಯಾಲ ಈ ಕೆಲಸ ಮತ್ತ ಮೊದಲಿಂದ ಆಗ್ತದ. ಎನ್ವಿಡಿಯಾ ಕಾರ್ಡ್ ಇದ್ರ ಅದರ ಕಂಟ್ರೋಲ್ ಪ್ಯಾನಲ್ಲಿನಾಗ ಶೇಡರ್ ಕ್ಯಾಶ್ ಸೈಜ್ (ತಯಾರಾದ ಶೇಡರ್ ಕೂಡಿಡೋ ಜಾಗಾ) 10 ಜಿಬಿಗೆ ಏರಿಸ್ರಿ. ಇದಕ್ಕೂ ಬಗ್ಗದಿದ್ರ ತಪ್ಪು ಆಟದ್ದು, ಪ್ಯಾಚ್ ಬರೋ ತನಕ ಕಾಯಬೇಕು. ನಿಮ್ಮ ಪಿಸಿಗೆ ಬೈಬ್ಯಾಡ್ರಿ.

ರೈಜನ್ ಪಿಸಿಯೊಳಗ ಆಗಾಗ ಆಟ, ಮೌಸ್, ಧ್ವನಿ ಎಲ್ಲಾ ಕೂಡೇ ಒಂದು ಕ್ಷಣ ತಡವರಿಸಿದ್ರ ಬಯೋಸ್ ಹಳೇದೇನು ನೋಡ್ರಿ. ಎಫ್‌ಟಿಪಿಎಂ (ವಿಂಡೋಸ್ ಭದ್ರತಾ ಕೀ ಕಾಯೋ ವ್ಯವಸ್ಥಾ) ಕಾರಣದಿಂದ ಹಿಂಗ ಆಗ್ತದ ಅಂತ ಎಎಂಡಿ 2022ರ ಮಾರ್ಚ್‌ದಾಗ ಒಪ್ಕೊಂಡು, ಆಮ್ಯಾಲ ಹೊಸ ಬಯೋಸಿನ್ಯಾಗ ಸರಿ ಮಾಡ್ತು. ಬಯೋಸ್ ಹಾಕೂವಾಗ ಕರೆಂಟ್ ಹೋದ್ರ ಬೋರ್ಡ್ ಸತ್ತ ಹೋಗಬಹುದು, ಯುಪಿಎಸ್ ಹಚ್ಚದ ಕೈ ಹಾಕಬ್ಯಾಡ್ರಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರ ಅದರ ರಿಕವರಿ ಕೀ ಮೊದಲ ಬರೆದಿಟ್ಕೋರಿ. ವೋಲ್ಟೇಜ್ ಇಳಿದ್ರ ಪಿಸಿ ಬಂದ್ ಬೀಳ್ತದ, ರಿಸ್ಟಾರ್ಟ್ ಆಗ್ತದ. ಬರೇ ಝಟಕಾಕ್ಕ ಕರೆಂಟಿನ ಮ್ಯಾಲ ಸಂಶಯ ಬ್ಯಾಡ.

ಹಿಂದ ಓಡೋ ರೆಕಾರ್ಡಿಂಗ್, ಓವರ್‌ಲೇ, ಬ್ರೌಸರ್, ಆರ್‌ಜಿಬಿ ಲೈಟಿನ ಸಾಫ್ಟ್‌ವೇರ್ ಒಂದೊಂದ ಬಂದ್ ಮಾಡಿ ನೋಡ್ರಿ. ಕಡಿಗೆ ಫ್ರೇಮಿಗೆ ಮಿತಿ ಹಾಕ್ರಿ: ಜಿ-ಸಿಂಕ್ ಅಥವಾ ಫ್ರೀಸಿಂಕ್ (ಫ್ರೇಮ್ ಬಂದಂಗ ತನ್ನ ವೇಗ ಹೊಂದಿಸ್ಕೊಳ್ಳೋ ಸೌಲಭ್ಯ) ಇರೋ 144 ಹರ್ಟ್ಸ್ ಮಾನಿಟರಿಗೆ 141. ಏರಿಳಿಯೋ 160ಕ್ಕಿಂತ ಸಮನಾಗಿ ಬರೋ 141 ಕಣ್ಣಿಗೆ ಹಿತ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಮುಳ್ಳು ಇಳೀದಿದ್ರ ಗ್ರಾಫಿನ ಸ್ಕ್ರೀನ್‌ಶಾಟ್ ತಗೊಂಡು ನಿಮ್ಮ ಊರಿನ ರಿಪೇರಿಯವರ ಹತ್ರ ಹೋಗ್ರಿ. ಏನೇನು ಬದಲಿ ಮಾಡೀರಿ ಅನ್ನೋದು ಒಂದು ಚೀಟಿ ಮ್ಯಾಲ ಬರೆದಿರಲಿ, ಅವರು ಅಲ್ಲಿಂದನ ಮುಂದ ಹುಡುಕ್ತಾರ.