ಬಯಕೆ, ಸುಖ, ಹಿಗ್ಗು: ಮೂರನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ?

‘ಖುಷಿ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಸಂಗತಿಗಳನ್ನು ತುರುಕಿಬಿಡುತ್ತೇವೆ. ಬೇಕು ಬೇಕು ಎನ್ನುವ ಸೆಳೆತ ಬಯಕೆ. ಸಿಕ್ಕ ಗಳಿಗೆಯಲ್ಲಿ ನಾಲಿಗೆಗೋ ಕಿವಿಗೋ ಮೈಗೋ ಆಗುವ ಹಿತ ಸುಖ. ಎಲ್ಲ ಮುಗಿದ ಮೇಲೂ ಎದೆಯಲ್ಲಿ ಉಳಿದು, ಯಾರಿಗಾದರೂ ಹೇಳಿಕೊಳ್ಳೋಣ ಅನ್ನಿಸುವಂಥದ್ದು ಹಿಗ್ಗು. ಒಂದಿದ್ದ ಕಡೆ ಉಳಿದೆರಡೂ ಇರುತ್ತವೆ ಅಂತೇನಿಲ್ಲ.

ನರವಿಜ್ಞಾನಿ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಬಹುಪಾಲು ಇಲ್ಲವಾದ ಇಲಿಗಳು ಮುಂದಿದ್ದ ಆಹಾರವನ್ನೂ ಮುಟ್ಟಲಿಲ್ಲ. ಆದರೆ ಬಾಯಿಗೆ ಸಿಹಿ ಬಿಟ್ಟರೆ ಮೊದಲಿನ ಹಾಗೆಯೇ ಚಪ್ಪರಿಸಿದವು. ಬಯಸುವುದಕ್ಕೂ ಸವಿಯುವುದಕ್ಕೂ ಮಿದುಳಿನಲ್ಲಿ ದಾರಿಗಳೇ ಬೇರೆ. ಹಾಗಾಗಿ ಸವಿಯೇ ಇಲ್ಲದ್ದನ್ನೂ ಬಿಡಲಾರದೆ ಮಾಡುತ್ತ ಕೂರಬಹುದು. ಕಣ್ಣು ಉರಿಯುತ್ತಿದ್ದರೂ ಮಧ್ಯರಾತ್ರಿವರೆಗೆ ರೀಲ್ಸ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮೂರನ್ನೂ ಗುರುತಿಸಲು ಬೇಕಾಗಿರುವುದು ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ, ಒಂದು ಪೆನ್ನು, 14 ದಿನ. ದಿನಕ್ಕೆ ಮೂರೇ ಸಂಗತಿ ಆರಿಸಿಕೊಳ್ಳಿ: ತಿನ್ನುವುದು ಅಥವಾ ಕುಡಿಯುವುದು ಒಂದು, ಪರದೆಯ ಮುಂದಿನದು ಒಂದು, ಜನರ ಜೊತೆಗಿನದು ಅಥವಾ ಕೈಕೆಲಸ ಒಂದು. ಪ್ರತಿಯೊಂದಕ್ಕೂ 0ರಿಂದ 10ರೊಳಗೆ ಮೂರು ಅಂಕ. ಶುರು ಮಾಡುವ ಮೊದಲು ‘ಎಷ್ಟು ಬೇಕು ಅನ್ನಿಸುತ್ತಿದೆ?’ ಮುಗಿದ ಕೂಡಲೇ ‘ಎಷ್ಟು ಹಿತವಾಗಿತ್ತು?’ 20 ನಿಮಿಷಕ್ಕೆ ಅಲಾರಂ ಇಟ್ಟು, ಅದು ಬಡಿದಾಗ ‘ಈಗ ಏನು ಉಳಿದಿದೆ?’ ಮೂರನೆಯ ಅಂಕವನ್ನೇ ಹೆಚ್ಚಿನವರು ಮರೆಯುತ್ತಾರೆ, ಲೆಕ್ಕಕ್ಕೆ ಬರುವುದೂ ಅದೇ.

ಒಂದು ಲೋಟ ಕಾಫಿಯಿಂದ ಅಭ್ಯಾಸ ಮಾಡಿ. ಮೊದಲ ಗುಟುಕಿಗೆ ಮುನ್ನ ಲೋಟ ಮೂಗಿನ ಹತ್ತಿರ ಹಿಡಿದು ಎರಡು ಉಸಿರು ಎಳೆದುಕೊಳ್ಳಿ. ಬಯಕೆ ಎಲ್ಲಿದೆ? ಬಾಯಲ್ಲಿ ನೀರೂರುತ್ತಿದೆಯೋ, ಬೆರಳಲ್ಲಿ ಅವಸರವಿದೆಯೋ? ಗುಟುಕು ಬಾಯಿಗೆ ಬಂದಾಗ ತುಟಿಗೆ ಬಿಸಿ, ನಾಲಿಗೆಗೆ ಕಹಿ, ನುಂಗಿದ ಮೇಲೆ ಗಂಟಲಿನಲ್ಲಿ ನಿಲ್ಲುವ ಘಮ, ಒಂದೊಂದನ್ನೇ ಗಮನಿಸಿ. ಮೂರನೆಯದೋ ನಾಲ್ಕನೆಯದೋ ಗುಟುಕಿಗೆ ಸವಿ ಇಳಿಯುವುದು ತಿಳಿಯುತ್ತದೆ. ಸರಿಸುಮಾರು ಅದೇ ಹೊತ್ತಿಗೆ ಕೈ ಮೊಬೈಲ್ ಕಡೆ ಹೋಗುತ್ತದೆ. ತಡೆಯಬೇಡಿ, ಹೋದದ್ದನ್ನು ನೋಡಿ ಸಾಕು. ಉಳಿದರ್ಧ ಲೋಟವನ್ನು ನಾವು ಸಾಮಾನ್ಯವಾಗಿ ಕುಡಿದ ನೆನಪೂ ಇಲ್ಲದೆ ಕುಡಿಯುತ್ತೇವೆ.

ಒಂದು ವಾರಕ್ಕೇ ಅಂಕಗಳಲ್ಲಿ ಅಚ್ಚುಗಳು ಕಾಣತೊಡಗುತ್ತವೆ. 8-3-2 ಎಂದಿದ್ದರೆ, ಅಂದರೆ ಬಯಕೆಗೆ 8, ಸುಖಕ್ಕೆ 3, ಉಳಿದ ಹಿಗ್ಗಿಗೆ 2, ಅದು ಬರೀ ಸೆಳೆತ. 5-8-4 ಎಂದರೆ ಅಪ್ಪಟ ಸುಖ, ಬಂತು, ಹೋಯಿತು. ಅದರಲ್ಲಿ ತಪ್ಪೇನೂ ಇಲ್ಲ, ಮನಸಾರೆ ಅನುಭವಿಸಿ. ನಿಜಕ್ಕೂ ಕಣ್ತೆರೆಸುವುದು 2-6-8. ಹೊರಡುವಾಗ ಸೋಮಾರಿತನ, ಬಂದ ಮೇಲೆ ಹಗುರ. ನಡಿಗೆ, ಹಾಡಿನ ಅಭ್ಯಾಸ, ಬಹಳ ದಿನದಿಂದ ಮಾತಾಡದ ಗೆಳೆಯರಿಗೆ ಒಂದು ಫೋನು ಎಷ್ಟೋ ಸಲ ಇಲ್ಲಿಗೆ ಬಂದು ಬೀಳುತ್ತವೆ. ಬಯಕೆಯನ್ನೇ ನಂಬಿ ದಿನ ಕಳೆದರೆ ಇವು ಕೈತಪ್ಪುತ್ತವೆ.

ಕೆಡುವುದು ಎಲ್ಲಿ? ಮೊದಲನೆಯದು, ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ಬರೆಯುವುದು. ನೆನಪು ನಂಬಿಕಸ್ಥ ಸಾಕ್ಷಿಯಲ್ಲ. 1993ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಜನ ನೋಯಿಸುವಷ್ಟು ತಣ್ಣಗಿನ, 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಜೊತೆಗೆ ಮತ್ತೆ 30 ಸೆಕೆಂಡು ಇಟ್ಟರು, ಆಗ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಲಾಯಿತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನೇ. ಕೊನೆ ಹೇಗಿತ್ತೋ ಅದರ ಬಣ್ಣವೇ ನೆನಪಿಗೆ ಬಳಿದುಕೊಳ್ಳುತ್ತದೆ. ಆದ್ದರಿಂದ ಅಂಕವನ್ನು ಆಯಾ ಹೊತ್ತಿಗೇ ಬರೆಯಿರಿ.

ಎರಡನೆಯದು, ನಡುನಡುವೆ ‘ಈಗ ಖುಷಿಯಾಗಿದ್ದೇನಾ?’ ಎಂದು ಕೇಳಿಕೊಳ್ಳುವುದು. ಹಿಗ್ಗು ಬರುವಾಗ ಗಮನ ನಮ್ಮ ಮೇಲಿರುವುದಿಲ್ಲ, ಎದುರಿನ ಮಗುವಿನ ಮೇಲೋ ಕೈಯಲ್ಲಿರುವ ಕೆಲಸದ ಮೇಲೋ ಇರುತ್ತದೆ. ಆ ಪ್ರಶ್ನೆ ಗಮನವನ್ನು ಅಲ್ಲಿಂದ ಕಿತ್ತು ತರುತ್ತದೆ. ಮೂರನೆಯದು, 8-3-2 ಕಂಡು ತನ್ನನ್ನೇ ಬೈದುಕೊಳ್ಳುವುದು. ಬೈಗುಳಕ್ಕೆ ಹೆದರಿದ ಮನಸ್ಸು ಮಾರನೆಯ ದಿನ ಸುಳ್ಳು ಅಂಕ ಬರೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳಿಗೂ ಎರಡು ವಾರ ಬಹುತೇಕ ಪ್ರತಿದಿನ 0, 1 ಬರುತ್ತಿದ್ದರೆ ಅದು ಖಿನ್ನತೆಯ ಲಕ್ಷಣ ಇರಬಹುದು. ಪುಸ್ತಕ ಬದಿಗಿಟ್ಟು ವೈದ್ಯರನ್ನು ಕಾಣಿ.

ಮೂರನೆಯ ವಾರ ಎರಡೇ ಬದಲಾವಣೆ ಮಾಡಿ. 8-3-2ರ ಒಂದು ಸಂಗತಿಯ ಮುಂದೆ ಹತ್ತು ನಿಮಿಷದ ಬಿಡುವು ಇಡಿ, ಸೆಳೆತ ಎಷ್ಟೋ ಸಲ ಅಷ್ಟರಲ್ಲೇ ಇಳಿದಿರುತ್ತದೆ. 2-6-8ರ ಒಂದಕ್ಕೆ ದಿನ, ಗಂಟೆ ಗೊತ್ತುಮಾಡಿ, ಮನಸ್ಸನ್ನು ಕೇಳದೆ ಹೊರಡಿ.