ತೆಂಗಿನ ನಾರು ತಿಕ್ಕಿದ ರೂಪಾಯಿ

2014ರಲ್ಲಿ ತಿಪಟೂರಿನಿಂದ ನ್ಯೂಜೆರ್ಸಿಗೆ ವಾಪಸ್ ಹೊರಟಾಗ ಅಮ್ಮ ಚಟ್ನಿಪುಡಿ ಡಬ್ಬದ ಜೊತೆ ಒಂದು ಬೆಳ್ಳಿ ರೂಪಾಯಿ ಕೊಟ್ಟಳು. ಅಜ್ಜಿಯದು. 1918ರದ್ದು, ಐದನೇ ಜಾರ್ಜ್ ಮುಖ ಇರುವಂಥದ್ದು. ಫಳಫಳ ಹೊಳೆಯುತ್ತಿತ್ತು. ನನಗೆ ಆಗಷ್ಟೇ ನಾಣ್ಯದ ಹುಚ್ಚು ಹತ್ತಿತ್ತು. ಇಷ್ಟು ಹೊಳೆಯೋದಕ್ಕೆ ಒಳ್ಳೆ ಗ್ರೇಡ್ ಬಾರದೆ ಇರುತ್ತಾ ಅಂದುಕೊಂಡು, ಫಾರ್ಮ್ ತುಂಬಿ, ವಿಮೆ ಮಾಡಿಸಿ, ಗ್ರೇಡಿಂಗ್ ಕಂಪನಿಗೆ ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಪ್ಲಾಸ್ಟಿಕ್ ಸ್ಲ್ಯಾಬ್ ಒಳಗೆ ಕೂತು ವಾಪಸ್ ಬಂತು. ಚೀಟಿಯ ಮೇಲೆ ಅಂಕವೇ ಇಲ್ಲ. ‘ಡೀಟೇಲ್ಸ್, ಕ್ಲೀನ್ಡ್’ ಅಂತ ಬರೆದಿತ್ತು, ಅಂದರೆ ತಿಕ್ಕಿ ತೊಳೆದ ನಾಣ್ಯ, ಅಂಕ ಕೊಡಲ್ಲ ಅಂತ.

ಅಮ್ಮನಿಗೆ ಫೋನ್ ಮಾಡಿದೆ. “ಅದನ್ನ ತೊಳೆದಿದ್ಯಾ?”

“ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ತೀನಿ ಕಣೇ. ಕರ್ರಗಿರೋದನ್ನ ಲಕ್ಷ್ಮಿ ಮುಂದೆ ಇಡಕ್ಕಾಗುತ್ತಾ?”

ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಇಟ್ಟು ಮತ್ತೆ ನೋಡಿದೆ. ಈ ಸಲ ಕಂಡಿತು. ರಾಜನ ಕೆನ್ನೆಯ ಮೇಲೆ ಕೂದಲೆಳೆಯಂಥ ನೂರಾರು ಗೀರು, ಎಲ್ಲವೂ ಹೆಚ್ಚುಕಡಿಮೆ ಒಂದೇ ಕಡೆಗೆ. ತಿಪಟೂರಿನ ಮನೆ ಅಂದಮೇಲೆ ಪಾತ್ರೆ ಉಜ್ಜೋದು ತೆಂಗಿನ ನಾರಿನಲ್ಲೇ ಅಲ್ವಾ.

ಈ ಲೋಕ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ಪಿಸಿಜಿಎಸ್ ಅನ್ನುವ ಗ್ರೇಡಿಂಗ್ ಕಂಪನಿ 1986ರಲ್ಲೂ ಎನ್‌ಜಿಸಿ ಅನ್ನುವುದು 1987ರಲ್ಲೂ ಶುರುವಾದವು. ನಾಣ್ಯ ಅಸಲಿಯೋ ನಕಲಿಯೋ ನೋಡಿ, 1ರಿಂದ 70ರವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುವುದು ಇವರ ಕೆಲಸ. ಆ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವವರು ಅಮೆರಿಕದ ಹಳೇ ದೊಡ್ಡ ಸೆಂಟ್‌ಗಳಿಗಾಗಿ ಮಾಡಿದ್ದರು. 60ರಿಂದ ಮೇಲಿನದೆಲ್ಲ ಚಲಾವಣೆಗೇ ಬಾರದ ನಾಣ್ಯ, ‘ಎಂಎಸ್’, ಅಂದರೆ ಮಿಂಟ್ ಸ್ಟೇಟ್. ಇಂಥ ಸ್ಲ್ಯಾಬ್‌ಗಳನ್ನು ಒಂದು ಸರಣಿಯಾಗಿ ಜೋಡಿಸಿ ಬೇರೆಯವರ ಜೊತೆ ಪೈಪೋಟಿ ಮಾಡುವ ಜಾಗವೇ ರಿಜಿಸ್ಟ್ರಿ. ಯಾವ ನಾಣ್ಯಕ್ಕೆ ಎಷ್ಟು ಅಂಕ, ಸೆಟ್ ಎಷ್ಟು ಭರ್ತಿಯಾಗಿದೆ, ಅಪರೂಪದ್ದಕ್ಕೆ ಎಷ್ಟು ತೂಕ ಅಂತ ಲೆಕ್ಕ ಹಾಕಿ ರ‍್ಯಾಂಕ್ ಕೊಡುತ್ತಾರೆ. ಬಹುಮಾನ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ. ನಂಬಿ, ಅದಕ್ಕೇ ಮನುಷ್ಯರು ನಿದ್ದೆ ಬಿಡುತ್ತಾರೆ.

ನಾನು ಹಿಡಿದದ್ದು ಐದನೇ ಜಾರ್ಜ್ ರೂಪಾಯಿ, 1911ರಿಂದ 1922. ಸಣ್ಣ ಸರಣಿ, ಮುಗಿಸಬಹುದು ಅನ್ನಿಸಿತ್ತು. ಕಲ್ಕತ್ತಾ, ಬಾಂಬೆ ಎರಡೂ ಟಂಕಸಾಲೆ ಲೆಕ್ಕ ಹಿಡಿದರೆ ಇಪ್ಪತ್ತು ದಾಟುತ್ತದೆ. ಬಾಂಬೆಯದಾದರೆ ಹಿಂಬದಿಯಲ್ಲಿ, ಕೆಳಗಿನ ಹೂವಿನ ಹತ್ತಿರ, ಸಾಸಿವೆಯಷ್ಟೂ ಇಲ್ಲದ ಒಂದು ಉಬ್ಬು ಚುಕ್ಕಿ ಇರುತ್ತದೆ. ಕಲ್ಕತ್ತಾದ್ದಕ್ಕೆ ಇರಲ್ಲ. ಮೊದಲ ವರ್ಷ ಈ ಚುಕ್ಕಿ ನೋಡದೆ ಒಂದೇ ಖಾನೆಯ ನಾಣ್ಯ ಎರಡು ಸಲ ಕೊಂಡಿದ್ದೇನೆ.

1918ರದ್ದು ಸುಲಭಕ್ಕೆ ಸಿಗುತ್ತದೆ, ಆ ವರ್ಷ ರಾಶಿ ರಾಶಿ ಅಚ್ಚು ಹಾಕಿದ್ದರು. ಅದರ ಕಥೆ ನನಗೆ ತುಂಬ ಇಷ್ಟ. ಯುದ್ಧದ ಕಾಲ. ಕಾಗದದ ನೋಟು ಹಿಡಿದು ಬಂದವರಿಗೆ ಕೊಡೋಕೆ ಸರ್ಕಾರದ ಹತ್ತಿರ ಬೆಳ್ಳಿ ಸಾಲದು. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು 27 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್ ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟನ್ ಕೊಂಡು ಭಾರತಕ್ಕೆ ಕಳಿಸಿತು. ಇಲ್ಲಿ ಮಾರ್ಗನ್ ಅನ್ನುವ ಹಳೇ ಬೆಳ್ಳಿ ಡಾಲರ್‌ಗಳ ಸೆಟ್ ಕಟ್ಟುವ ಗೆಳೆಯರು ಆ ಕರಗಿಸಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾರೆ. “ನಿಮ್ಮ ಡಾಲರ್ ನಮ್ಮಜ್ಜಿ ಹತ್ತಿರ ಇತ್ತು” ಅಂತ ಅವರನ್ನು ರೇಗಿಸುತ್ತೇನೆ.

ಇನ್ನು 1911. ರಾಜನ ಎದೆಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ. ಸೊಂಡಿಲು ಮೋಟು, ಕಾಲು ಗಿಡ್ಡ. ಜನರಿಗೆ ಅದು ಹಂದಿಯಂತೆ ಕಂಡಿತು, ಮುಸ್ಲಿಮರು ಸಿಟ್ಟಾದರು. ಅಚ್ಚಾದದ್ದು ಸುಮಾರು 94 ಲಕ್ಷ, ಹೊರಗೆ ಬಿಟ್ಟದ್ದು 7 ಲಕ್ಷ ಅನ್ನುತ್ತಾರೆ. ಉಳಿದದ್ದೆಲ್ಲ ಕುಲುಮೆಗೆ ಹೋಯಿತು. 1912ರಲ್ಲಿ ಆನೆಯನ್ನು ತಿದ್ದಿದರು. ‘ಹಂದಿ ರೂಪಾಯಿ’ ಇಲ್ಲದೆ ಸೆಟ್ ಇಲ್ಲ, ಹಾಗಾಗಿ ಎಲ್ಲರಿಗೂ ಅದೇ ಬೇಕು. ನನ್ನ ಎಂಎಸ್ 62 ನಾಣ್ಯ ಲಂಡನ್ನಿನ ಒಂದು ಹರಾಜಿನಲ್ಲಿ ಸಿಕ್ಕಿತು. ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಷ್ಟ ಶುರುವಾದದ್ದು ಖಾನೆ ತುಂಬುತ್ತಾ ಬಂದಮೇಲೆ. ರ‍್ಯಾಂಕ್ ಏರಬೇಕಾದರೆ 62 ತೆಗೆದು 64, 64 ತೆಗೆದು 65 ಹಾಕಬೇಕು. ಒಂದು ಅಂಕದ ವ್ಯತ್ಯಾಸಕ್ಕೆ ಬೆಲೆ ಎರಡು ಪಟ್ಟು, ಮೂರು ಪಟ್ಟು. 2017ರಲ್ಲಿ ಒಂದು 1916ರ ಎಂಎಸ್ 65 ಕೊಂಡೆ. ಫೋಟೋ ಸರಿಯಾಗಿ ನೋಡಲಿಲ್ಲ, ಚೀಟಿಯ ಅಂಕ ನೋಡಿದೆ. ಮನೆಗೆ ಬಂದಮೇಲೆ ನನ್ನ ಹಳೇ 64ರ ಪಕ್ಕ ದೀಪದ ಕೆಳಗೆ ಇಟ್ಟು ತಿರುಗಿಸಿದೆ. ಹಳೆಯದರಲ್ಲಿ ಹೊಳಪು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಹೊಸದು ಮಂಕು, ಕಿರೀಟದ ಪಕ್ಕ ಒಂದು ಕಚ್ಚು ಬೇರೆ. ಆದರೂ ರಿಜಿಸ್ಟ್ರಿಗೆ ಹೋದದ್ದು ಅದೇ. ಚೆನ್ನಾಗಿರೋದನ್ನು ಮಾರಿ, ಅಂಕ ಜಾಸ್ತಿ ಇರೋದನ್ನು ಇಟ್ಟುಕೊಂಡೆ. ನಾಣ್ಯದ ವಿಷಯದಲ್ಲಿ ನಾನು ಮಾಡಿದ ಶುದ್ಧ ದಡ್ಡತನ ಅದು. ಆ 64 ಈಗ ಯಾರ ಹತ್ತಿರ ಇದೆಯೋ.

‘ಇಡೀ ಲೋಕದಲ್ಲಿ ಈ ಗ್ರೇಡಿನದು ಮೂರೇ’ ಅಂತ ಕಂಪನಿಗಳು ತಾವು ಗ್ರೇಡ್ ಮಾಡಿದ ನಾಣ್ಯ ಎಣಿಸಿ ಕೊಡುವ ಪಾಪ್ಯುಲೇಷನ್ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಇನ್ನೂ ಒಂದು ಅಂಕ ಬರಬಹುದು ಅಂತ ಆಸೆಗೆ ಬಿದ್ದವರು ಸ್ಲ್ಯಾಬ್ ಒಡೆದು ಮತ್ತೆ ಕಳಿಸುತ್ತಾರೆ. ಹಳೇ ಚೀಟಿ ವಾಪಸ್ ಕೊಡದಿದ್ದರೆ ಒಂದೇ ನಾಣ್ಯ ಎರಡೋ ಮೂರೋ ಆಗಿ ಲೆಕ್ಕದಲ್ಲಿ ಉಳಿದುಬಿಡುತ್ತದೆ. ಇತ್ತ ಸ್ಲ್ಯಾಬ್ ಕಾಣದ ನಾಣ್ಯಗಳು ಊರುಗಳ ಪೆಟ್ಟಿಗೆಗಳಲ್ಲಿ ಎಷ್ಟಿವೆಯೋ.

ಒಂದು ಸ್ಲ್ಯಾಬ್ ನಂಬರ್ ಒಂದು ಸಲಕ್ಕೆ ಒಬ್ಬರ ಸೆಟ್‌ನಲ್ಲಿ ಮಾತ್ರ ಇರಬಹುದು. ಒಮ್ಮೆ 1920ರದ್ದು ಕೊಂಡು ನಂಬರ್ ಹಾಕಿದರೆ, ‘ಇದು ಇನ್ನೊಬ್ಬರ ಸೆಟ್‌ನಲ್ಲಿದೆ’ ಅಂತ ಬಂತು. ಯಾರು ಅಂತ ನೋಡಿದರೆ ನನಗಿಂತ ಒಂದೇ ಮೆಟ್ಟಿಲು ಮೇಲಿದ್ದವರು. ಅವರು ಮಾರಿದ ನಾಣ್ಯ ಎರಡು ಕೈ ದಾಟಿ ನನಗೆ ಬಂದಿತ್ತು. ಬಿಟ್ಟುಕೊಡಿ ಅಂತ ಕೋರಿಕೆ ಕಳಿಸಿದೆ. ಮರುದಿನವೇ ಬಿಟ್ಟರು. ಅದರಿಂದಲೇ ನಾನು ಅವರನ್ನು ದಾಟಿ ಮೂರನೇ ಸ್ಥಾನಕ್ಕೆ ಹೋದೆ. ಈಗ ಒಳ್ಳೆ ಪರಿಚಯ. ನಾನು ಬಿಡ್ ಮಾಡುವ ನಾಣ್ಯಕ್ಕೆ ಅವರು ಕೈ ಹಾಕಲ್ಲ, ಅವರದಕ್ಕೆ ನಾನು ಹಾಕಲ್ಲ. 1922ರ ಬಾಂಬೆಯದೊಂದನ್ನು ಬಿಟ್ಟು. ಆ ಖಾನೆ ಇಬ್ಬರಿಗೂ ಖಾಲಿ.

ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ. ಮೊದಲು ಒಂದು ಚಿಕ್ಕ ತಕ್ಕಡಿ ಕೊಳ್ಳಿ. ಈ ರೂಪಾಯಿ 11.66 ಗ್ರಾಂ ತೂಗಬೇಕು. ಅರ್ಧ ಗ್ರಾಂ ಕಡಿಮೆ ಬಂದರೆ ಅನುಮಾನ ಪಡಿ. ಸ್ಲ್ಯಾಬ್ ಕೂಡ ನಕಲಿ ಇರುತ್ತದೆ, ನಂಬರ್ ಹಾಕಿ ಕಂಪನಿಯ ಫೋಟೋ ಜೊತೆ ಹೋಲಿಸಿ. ಮೆತ್ತನೆ ಪಿವಿಸಿ ಕವರಿನಲ್ಲಿ ಇಟ್ಟು ಹಸಿರು ಅಂಟು ಬಂದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಮಿಕ್ಕದ್ದಕ್ಕೆ ಕೈ ಹಚ್ಚಲೇಬೇಡಿ.

2023ರಲ್ಲಿ ಊರಿಗೆ ಹೋದಾಗ ಅಪ್ಪ ಅಜ್ಜಿಯ ಮರದ ಪೆಟ್ಟಿಗೆಯನ್ನೇ ತಂದು ಮುಂದಿಟ್ಟರು. “ತಗೊಂಡ್ ಹೋಗೇ, ಇಲ್ಲಿಟ್ಕೊಂಡು ನಾವೇನ್ ಮಾಡೋದು?” ಒಳಗೆ ಹದಿನಾಲ್ಕು ರೂಪಾಯಿ. ಆಗುವುದಿಲ್ಲ ಅಂದೆ. ನೂರು ವರ್ಷ ದಾಟಿದ ನಾಣ್ಯ ಭಾರತದ ಕಾನೂನಿನಲ್ಲಿ ಪುರಾತನ ವಸ್ತು. 1972ರ ಕಾಯ್ದೆ ಪ್ರಕಾರ ನಾವು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. 2014ರಲ್ಲಿ ಆ 1918ರದಕ್ಕೆ 96 ವರ್ಷ. ಈಗ ಪೆಟ್ಟಿಗೆಯಲ್ಲಿ ಇರೋದೆಲ್ಲ ನೂರು ಮೀರಿದವು.

ಆದರೂ ನೋಡದೆ ಇರೋಕಾಗುತ್ತಾ. ಜಗುಲಿಯ ಬೆಳಕಿನಲ್ಲಿ ಒಂದೊಂದನ್ನೇ ಬಟ್ಟೆಯ ಮೇಲೆ ಜೋಡಿಸಿ ಫೋಟೋ ತೆಗೆದೆ. ನಮ್ಮ ರೂಪಾಯಿಗಳಿಗೆ ಒಳ್ಳೆ ಗ್ರೇಡ್ ಯಾಕೆ ಸಿಗಲ್ಲ ಅನ್ನೋದೆಲ್ಲ ಆ ಬಟ್ಟೆಯ ಮೇಲಿತ್ತು. ಮೂರಕ್ಕೆ ಕೊಂಡಿ ಬೆಸೆದು ಸರಕ್ಕೆ ಹಾಕಿ ಮತ್ತೆ ಕಿತ್ತ ಗಾಯ. ಎರಡರ ಅಂಚಿನಲ್ಲಿ ಬೆಳ್ಳಿ ಪರೀಕ್ಷೆ ಮಾಡಿದ ಶರಾಫನ ಉಳಿ ಗುರುತು. ಎಲ್ಲಕ್ಕೂ ಅರಿಶಿನ ಕುಂಕುಮ. ಗ್ರೇಡ್ ಮಾಡುವವರ ಭಾಷೆಯಲ್ಲಿ ಹದಿನಾಲ್ಕೂ ಡೀಟೇಲ್ಸ್.

ಕೊನೆಯದನ್ನು ತಿರುಗಿಸಿದರೆ 1911. ಎದೆ ಒಮ್ಮೆ ಹೊಡೆದುಕೊಂಡಿತು. ಸರದ ಮೇಲಿನ ಆನೆ ಇರಬೇಕಾದ ಜಾಗದಲ್ಲಿ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬಗ್ಗಿ ಲೂಪ್ ಇಟ್ಟೆ, ಏನೂ ಕಾಣಲಿಲ್ಲ.

“ಏನು ಹುಡುಕ್ತಿದೀಯಾ?” ಅಂದಳು ಅಮ್ಮ.

“ಇಲ್ಲೊಂದು ಆನೆ ಇರುತ್ತೆ. ಹಂದಿ ಥರ.”

ಅಮ್ಮ ನಾಣ್ಯ ಎತ್ತಿಕೊಂಡಳು. ಬೇಡ ಅನ್ನುವಷ್ಟರಲ್ಲಿ ಸೆರಗಿನ ತುದಿ ಒದ್ದೆ ಮಾಡಿ, ಬಲವಾಗಿ ನಾಲ್ಕು ಸಲ ಉಜ್ಜಿ, ನನ್ನ ಅಂಗೈಯಲ್ಲಿಟ್ಟಳು.

“ನೋಡು, ಈಗ ಕಾಣುತ್ತೆ.”